ಕ್ರಿಮಿನಾಲಜಿ ಡಿಗ್ರಿ ಅಂದರೆ ಪತ್ತೇದಾರಿಕೆ ಅಲ್ಲ

ಡಿಗ್ರಿಗೆ ಕ್ರಿಮಿನಾಲಜಿ, ಅಂದರೆ ಅಪರಾಧಶಾಸ್ತ್ರ, ತಗೊಳ್ಳುತ್ತೇನೆ ಅನ್ನುವವರನ್ನು ಯಾಕೆ ಅಂತ ಕೇಳಿ ನೋಡಿ, ಮಾತು ಸುತ್ತಿ ಬಳಸಿ ಸೀರಿಯಲ್ ಕಿಲ್ಲರ್ ಕಥೆಗೇ ಬಂದು ನಿಲ್ಲುತ್ತದೆ. ತಪ್ಪೇನಿಲ್ಲ, ಕುತೂಹಲ ಎಲ್ಲಿಂದ ಹುಟ್ಟಿದರೇನು. ಆದರೆ ರಕ್ತದ ಕಲೆ, ಬೆರಳಚ್ಚು, ಡಿಎನ್‌ಎ, ಇದೆಲ್ಲ ಲ್ಯಾಬಿನಲ್ಲಿ ಸಾಕ್ಷ್ಯ ಪರೀಕ್ಷಿಸುವ ಫೊರೆನ್ಸಿಕ್‌ನವರ ಕೆಲಸ. ಕೊಂದವರು ಯಾರು ಅಂತ ಕ್ರಿಮಿನಾಲಜಿಯಲ್ಲಿ ಹುಡುಕುವುದಿಲ್ಲ. ಈ ಬೀದಿಯಲ್ಲಿ ಕಳ್ಳತನ ಜಾಸ್ತಿ, ಪಕ್ಕದ ಬೀದಿಯಲ್ಲಿ ಕಮ್ಮಿ, ಯಾಕೆ? ಇಂಥ ಪ್ರಶ್ನೆ ಇಟ್ಟುಕೊಂಡು ಕೂರುತ್ತೀರಿ. ಉತ್ತರಕ್ಕೆ ಸ್ಟ್ಯಾಟಿಸ್ಟಿಕ್ಸ್ ಬೇಕು. ಹೌದು, ಅದೇ, ನೀವು ತಪ್ಪಿಸಿಕೊಂಡು ಬಂದಿದ್ದ ಲೆಕ್ಕ.

ಆದರೂ ನನಗೆ ಈ ವಿಷಯ ಇಷ್ಟ. ಯಾಕಂದರೆ ನಾವು ಸುಮ್ನೆ ನಂಬಿಕೊಂಡಿದ್ದನ್ನೆಲ್ಲ ಇದು ಕೆದಕುತ್ತದೆ. 1876ರಲ್ಲಿ ಇಟಲಿಯ ವೈದ್ಯ ಲೊಂಬ್ರೋಸೊ, ಕೆಲವರು ಹುಟ್ಟಿನಿಂದಲೇ ಅಪರಾಧಿಗಳು, ದವಡೆ, ಕಿವಿ, ಹಣೆ ನೋಡಿದರೆ ಗೊತ್ತಾಗುತ್ತದೆ ಅಂತ ಬರೆದ. ಇಂಗ್ಲೆಂಡಿನ ಜೈಲು ವೈದ್ಯ ಗೋರಿಂಗ್ ಸುಮಾರು 3,000 ಕೈದಿಗಳನ್ನು ಅಳೆದು, ಹೊರಗಿನವರ ಜೊತೆ ಹೋಲಿಸಿ, ಅಂಥ ಮುಖವೇ ಇಲ್ಲ ಅಂತ 1913ರಲ್ಲಿ ಹೇಳಿದ. (ಕೈದಿಗಳಿಗೆ ಬುದ್ಧಿ ಕಮ್ಮಿ ಅಂತ ಅವನೂ ಬರೆದಿಟ್ಟ, ಅದು ಬೇರೆ ತಲೆನೋವು.) ಇಷ್ಟಾದ ಮೇಲೂ 'ಮುಖ ನೋಡಿದರೇ ಕಳ್ಳ ಅಂತ ಗೊತ್ತಾಗುತ್ತೆ' ಅನ್ನುವವರು ಇದ್ದಾರೆ, ಅಲ್ವಾ?

ಇನ್ನೊಂದು ಕೇಳಿ. ಅಪರಾಧದ ಸಿದ್ಧಾಂತಗಳೆಲ್ಲ ಬಹುಪಾಲು ಜೈಲಿಗೆ ಬಿದ್ದ ಬಡವರನ್ನು ನೋಡಿಯೇ ಕಟ್ಟಿದವು. 1939ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಸದರ್ಲೆಂಡ್, ಕೋಟು ಹಾಕಿ ಆಫೀಸಿನಲ್ಲಿ ಕೂತವರು ಮಾಡುವ ಮೋಸವೂ ಅಪರಾಧವೇ, ಅದು ಯಾಕೆ ನಿಮ್ಮ ಲೆಕ್ಕದಲ್ಲಿಲ್ಲ ಅಂತ ಕೇಳಿದ. ವೈಟ್ ಕಾಲರ್ ಕ್ರೈಮ್ ಅನ್ನುವ ಮಾತು ಬಂದದ್ದು ಅಲ್ಲಿಂದ. ಇದನ್ನು ಓದಿದ ಮೇಲೆ ಪೊಲೀಸ್ ಅಂಕಿಅಂಶ ಮೊದಲಿನ ಹಾಗೆ ಕಾಣುವುದಿಲ್ಲ. ದೂರು ಕೊಟ್ಟರೆ ತಾನೇ ಲೆಕ್ಕಕ್ಕೆ ಬರುವುದು? ಅತ್ಯಾಚಾರದ ಪ್ರಕರಣ ಒಂದು ವರ್ಷ ಏರಿತು ಅಂದರೆ ಅಪರಾಧ ಹೆಚ್ಚಿರಬಹುದು, ಇಲ್ಲವೇ ಮೊದಲು ಬಾಯಿ ಮುಚ್ಚಿಕೊಂಡಿದ್ದವರು ಈಗ ಠಾಣೆಗೆ ಹೋಗುತ್ತಿರಬಹುದು. ಅದಕ್ಕೇ ಜನರ ಮನೆಗೇ ಹೋಗಿ, ನಿಮಗೇನಾದರೂ ಆಗಿತ್ತಾ ಅಂತ ಕೇಳುವ ಸರ್ವೆ ಬೇರೆ ಮಾಡುತ್ತಾರೆ.

ಕೆಲಸದ ಬಗ್ಗೆ ಜಾಸ್ತಿ ಹೇಳಲ್ಲ. ಪೊಲೀಸ್, ಜೈಲು, ಪ್ರೊಬೇಷನ್ (ಜೈಲಿಗೆ ಹಾಕದೆ ಹೊರಗೆ ನಿಗಾದಲ್ಲಿಟ್ಟವರನ್ನು ನೋಡಿಕೊಳ್ಳುವುದು), ನೊಂದವರ ನೆರವು, ಸಂಶೋಧನೆ, ದಾರಿಗಳಿವೆ. ಡಿಗ್ರಿ ಮುಗಿಸಿದ ತಕ್ಷಣ ಯಾರೂ ಕರೆದು ಪತ್ತೇದಾರರನ್ನಾಗಿ ಮಾಡುವುದಿಲ್ಲ, ಅಷ್ಟೇ.

ಸೇರುವ ಮೊದಲು ಪೂರ್ತಿ ಸಿಲಬಸ್ ತೆಗೆದು ನೋಡಿ. ರಿಸರ್ಚ್ ಮೆಥಡ್ಸ್ (ಸಂಶೋಧನೆ ಮಾಡುವ ವಿಧಾನ) ಅನ್ನುವ ಪೇಪರ್ ಕಂಡ ಕೂಡಲೇ ಆಕಳಿಕೆ ಬಂತಾ? ಹಾಗಾದರೆ ಕೊಲೆ ಕಥೆಗಳನ್ನು ರಾತ್ರಿ ಊಟ ಆದ ಮೇಲೆ ನೋಡಿಕೊಳ್ಳಿ, ಡಿಗ್ರಿಗೆ ಬೇರೆ ಏನಾದರೂ ಹುಡುಕಿ.