ಕೋಲು ಹಿಡಿದು ಓದುವ ಪುಸ್ತಕ

ಎಲ್ಲರಿಗೂ ಶರಣು ಶರಣಾರ್ಥಿ. ಮುಂದಿನ ಸಾಲಿನಲ್ಲಿ ಜಿಮ್ಮಿನ ಹುಡುಗರು, ಹುಡುಗಿಯರು ಕೂತಿದ್ದೀರಿ. ಹಿಂದೆ ತಾಲೀಮಿನ, ಅಂದರೆ ಕುಸ್ತಿಯ ಗರಡಿಮನೆಯ ಹಿರಿಯರು ಕೂತಿದ್ದೀರಿ. ನಮ್ಮ ಕಲಬುರಗಿಯಲ್ಲಿ ಈ ಎರಡೂ ಮಂದಿ ಒಂದೇ ಸೂರಿನಡಿ ಸೇರುವುದು ಕಡಿಮೆ. ನನಗೆ ನಿಜವಾಗಲೂ ಖುಷಿಯಾಗಿದೆ.

ಹೋದ ತಿಂಗಳು ನನ್ನ ಹತ್ತಿರ ಕಲಿಯುವ ಹುಡುಗನೊಬ್ಬ ಬಂದ. "ಸರ್, ಬಾಡಿ ಬಿಲ್ಡಿಂಗ್ ಕಲಿಯಾಕ ಒಂದು ಬುಕ್ ಹೇಳ್ರಿ. ಒಂದೇ ಹೇಳ್ರಿ, ರೊಕ್ಕ ಅಷ್ಟೇ ಅದ" ಅಂದ. ಮೊಬೈಲಿನಲ್ಲಿ ಎಲ್ಲಾ ಇದೆಯಲ್ಲಪ್ಪ ಅಂದೆ. "ಒಬ್ಬೊಬ್ಬರು ಒಂದೊಂದು ಹೇಳ್ತಾರ್ರಿ, ತಲಿ ಕೆಟ್ಟದ" ಅಂದ. ಅವತ್ತು ಅವನಿಗೆ ಯಾವ ಹೆಸರೂ ಹೇಳಲಿಲ್ಲ. ಇವತ್ತಿನ ಮಾತೆಲ್ಲ ಅವನಿಗೆ ಕೊಡಬೇಕಾದ ಉತ್ತರವೇ.

ಸುಮ್ಮನಿದ್ದದ್ದಕ್ಕೆ ಕಾರಣವಿದೆ. ಇಪ್ಪತ್ತನೇ ವಯಸ್ಸಿನಲ್ಲಿ ನಾನೂ ಹೀಗೇ ಒಂದು ಪುಸ್ತಕ ಕೊಂಡಿದ್ದೆ. ಮುಖಪುಟದಲ್ಲಿ ಒಬ್ಬ ಚಾಂಪಿಯನ್. ಒಳಗೆ ಅವನ ದಿನಚರಿ. ವಾರಕ್ಕೆ ಆರು ದಿನ, ತೋಳಿಗೇ ಇಪ್ಪತ್ತು ಸೆಟ್, ಅಂದರೆ ಇಪ್ಪತ್ತು ಸುತ್ತು. ಮೂರು ತಿಂಗಳು ಒಂದು ದಿನವೂ ಬಿಡದೆ ಮಾಡಿದೆ. ತೂಕ ಮೂರು ಕೆಜಿ ಇಳಿಯಿತು. ಮೊಳಕೈ ಎಷ್ಟು ನೋಯುತ್ತಿತ್ತೆಂದರೆ, ಅವ್ವನಿಗೆ ಒಂದು ಕೊಡ ನೀರು ಎತ್ತಿಕೊಡಲು ಆಗುತ್ತಿರಲಿಲ್ಲ. ಹತ್ತು ವರ್ಷ ಭಾರ ಎತ್ತಿ ಹಣ್ಣಾದವನ ದಿನಚರಿಯನ್ನು ನಾನು ಮೊದಲ ದಿನವೇ ಹಿಡಿದಿದ್ದೆ. ಇವತ್ತು ಇಷ್ಟು ಎತ್ತಿದರೆ ನಾಳಿದ್ದು ಎಷ್ಟು ಎತ್ತಬೇಕು? ಅದರ ಬಗ್ಗೆ ಆ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ.

ಪುಸ್ತಕ ಕೊಳ್ಳುವಾಗ ನಾನು ಮೊದಲು ಹುಡುಕುವುದು ಆ ಸಾಲನ್ನೇ. ಅದರ ಹಿಂದೆ ದೊಡ್ಡ ಕತೆಯಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ಆಸ್ಪತ್ರೆಯೊಂದರಲ್ಲಿ ಥಾಮಸ್ ಡಿಲೋರ್ಮ್ ಅಂತ ಒಬ್ಬ ಡಾಕ್ಟರ್ ಇದ್ದರು. ಚಿಕ್ಕವರಿದ್ದಾಗ ಕಾಯಿಲೆಯಿಂದ ಸೊರಗಿ, ಭಾರ ಎತ್ತಿಯೇ ಮೈ ಕಟ್ಟಿಕೊಂಡವರು. ಮೊಣಕಾಲಿಗೆ ಪೆಟ್ಟಾದ ಸೈನಿಕರಿಗೆ ಆಗ ಹಗುರ ತೂಕ ಕೊಟ್ಟು, ತುಂಬಾ ಸಲ ಎತ್ತಿಸುತ್ತಿದ್ದರು. ಇವರು ಅದನ್ನು ತಿರುಗಿಸಿದರು. ಭಾರ ಜಾಸ್ತಿ, ಎತ್ತುವ ಸಲ ಕಡಿಮೆ. ಕಾಲಿಗೆ ಬಲ ಬಂದ ಹಾಗೆ ಭಾರವನ್ನೂ ಏರಿಸುತ್ತಾ ಹೋದರು. 1945ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಸ್ವಲ್ಪ ಸ್ವಲ್ಪವಾಗಿ ಏರಿಸುವ ಈ ಲೆಕ್ಕ ಇಲ್ಲದ ಪುಸ್ತಕ, ಎಷ್ಟೇ ಚಂದದ ಫೋಟೋ ಇದ್ದರೂ ಹೊಸಬರಿಗೆ ಬೇಡ.

ಆ ಲೆಕ್ಕವನ್ನು ಬಿಡಿಸಿ ಹೇಳುವ ಪುಸ್ತಕ ಮಾರ್ಕ್ ರಿಪ್ಪಟೋ ಅವರ 'ಸ್ಟಾರ್ಟಿಂಗ್ ಸ್ಟ್ರೆಂತ್'. ಮೊದಲು ಬಂದದ್ದು 2005ರಲ್ಲಿ. ಕಲಿಸುವುದು ಕೆಲವೇ ವ್ಯಾಯಾಮ. ಆದರೆ ಸ್ಕ್ವಾಟ್, ಅಂದರೆ ಹೆಗಲ ಮೇಲೆ ಭಾರ ಹೊತ್ತು ಕೂತು ಏಳುವುದು, ಅದೊಂದಕ್ಕೇ ಹತ್ತಾರು ಪುಟ. ಪಾದ ಎಲ್ಲಿ, ಬಾರ್ ಬೆನ್ನಿನ ಯಾವ ಜಾಗದಲ್ಲಿ, ಯಾಕೆ ಅಲ್ಲೇ, ಎಲ್ಲವೂ ಇದೆ. ಸ್ಕ್ವಾಟಿನಲ್ಲಿ ಐದೈದು ಸಲದ ಮೂರು ಸೆಟ್, ಮುಂದಿನ ಸಲ ಸ್ವಲ್ಪ ಜಾಸ್ತಿ. ಹುಡುಗನಿಗೆ ನಾನು ಹೇಳುವ ಒಂದೇ ಹೆಸರು ಇದು. ಇದರಲ್ಲಿ ತೂಕ ಪೌಂಡಿನಲ್ಲಿದೆ, ಸಲಕ್ಕೆ ಐದು ಪೌಂಡ್ ಏರಿಸುವುದು ಅಂದರೆ ಎರಡೂಕಾಲು ಕೆಜಿ ಚಿಲ್ಲರೆ. ನಮ್ಮ ಎಷ್ಟೋ ಜಿಮ್ಮುಗಳಲ್ಲಿ ಸಣ್ಣ ಪ್ಲೇಟ್ ಅಂದರೆ 2.5 ಕೆಜಿ. ಎರಡೂ ಕಡೆ ಹಾಕಿದರೆ ಒಮ್ಮೆಗೇ 5 ಕೆಜಿ ಏರುತ್ತದೆ, ಹೊಸಬರಿಗೆ ಅದು ಜಾಸ್ತಿಯೇ. ಜಿಮ್ಮಿನವರಿಗೆ ಹೇಳಿ 1.25 ಕೆಜಿಯ ಒಂದು ಜೋಡಿ ತರಿಸಿಕೊಳ್ಳಿ.

ನನ್ನ ಮಾತು ನಂಬಿಯೂ ಕೊಳ್ಳಬೇಡಿ. ಯಾವ ಪುಸ್ತಕವಾದರೂ ಸ್ಕ್ವಾಟ್ ಪುಟ ತೆಗೆಯಿರಿ. ಕೈಯಲ್ಲಿ ಒಂದು ಕೋಲು ಹಿಡಿಯಿರಿ. ಓದುತ್ತಾ ಹೆಗಲ ಮೇಲಿಟ್ಟುಕೊಂಡು ಕೂತು ಏಳಿ. ಓದಿದ್ದು ಮೈಗೆ ಬಂತಾ? ಕೊಳ್ಳಿ. ಬರೀ ಫೋಟೋ ನೋಡಿ ಊಹಿಸಬೇಕಾಯಿತಾ? ವಾಪಸ್ ಇಡಿ.

ಬಾಡಿ ಬಿಲ್ಡಿಂಗ್ ಚಾಂಪಿಯನ್ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅವರ ದೊಡ್ಡ ಬಾಡಿ ಬಿಲ್ಡಿಂಗ್ ವಿಶ್ವಕೋಶದ ಬಗ್ಗೆ ಎಲ್ಲರೂ ಕೇಳುತ್ತೀರಿ. 1985ರಲ್ಲಿ ಬಂತು, 1998ರಲ್ಲಿ ಹೊಸದಾಗಿ ತಿದ್ದಿ ತಂದರು. ಇಟ್ಟಂಗಿಯಷ್ಟು ದಪ್ಪ. ಹುಮ್ಮಸ್ಸಿಗೆ, ಈ ಕಲೆಯ ಇತಿಹಾಸಕ್ಕೆ, ನಾನಾ ಬಗೆಯ ವ್ಯಾಯಾಮಗಳಿಗೆ ಒಳ್ಳೆಯದು. ಒಂದೆರಡು ವರ್ಷ ಮೈ ಪಳಗಿದ ಮೇಲೆ ಓದಿ. ತಮ್ಮ ಕಾಲದಲ್ಲಿ ಸ್ಟಿರಾಯ್ಡ್, ಅಂದರೆ ಸ್ನಾಯು ಉಬ್ಬಿಸುವ ಔಷಧಿ ತೆಗೆದುಕೊಂಡಿದ್ದನ್ನು ಅವರೇ ಒಪ್ಪಿಕೊಂಡಿದ್ದಾರೆ. ಆ ಮೈಯನ್ನು ನಿಮ್ಮ ಆರು ತಿಂಗಳಿಗೆ ಅಳತೆಗೋಲು ಮಾಡಿಕೊಳ್ಳಬೇಡಿ ತಮ್ಮಾ. ಆ ಸೂಜಿಯ ಹತ್ತಿರ ಹೋಗಬೇಡಿ. ಇದನ್ನು ಕೈಮುಗಿದು ಹೇಳುತ್ತಿದ್ದೇನೆ. ಫ್ರೆಡರಿಕ್ ದೆಲಾವಿಯೆ ಅವರ ಅಂಗರಚನೆಯ ಚಿತ್ರಪುಸ್ತಕವೂ ಚಂದ. ಯಾವ ಸ್ನಾಯು ಎಲ್ಲಿ ದುಡಿಯುತ್ತದೆ ಅಂತ ತೋರಿಸುತ್ತದೆ. ಅದನ್ನು ಎರಡನೇ ಪುಸ್ತಕವಾಗಿ ಇಟ್ಟುಕೊಳ್ಳಿ.

ಊಟದ ಅಧ್ಯಾಯ ಬಂದ ಕೂಡಲೇ ನಮ್ಮ ಹುಡುಗರು ಹೆದರುತ್ತಾರೆ. ಓಟ್ಸ್, ಕೋಳಿಯ ಎದೆ ಮಾಂಸ, ಡಬ್ಬಿ ಪೌಡರ್. ಅಲ್ಲಿಂದ ಲೆಕ್ಕ ಮಾತ್ರ ತಗೊಳ್ಳಿ, ತಾಟು ನಮ್ಮದೇ ಇರಲಿ. ಭಾರ ಎತ್ತುವವರಿಗೆ ಮೈತೂಕದ ಕೆಜಿಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. 60 ಕೆಜಿಯವನಿಗೆ 96 ಗ್ರಾಂ. ಈಗ ಮನೆಯದ್ದು ಎಣಿಸೋಣ. 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 20. ನೂರು ಗ್ರಾಂ ತೊಗರಿಬೇಳೆಯಲ್ಲಿ 22ರಷ್ಟು. 50 ಗ್ರಾಂ ಶೇಂಗಾದಲ್ಲಿ 12. ಅರ್ಧ ಲೀಟರ್ ಹಾಲಿನಲ್ಲಿ 16. ಮೂರು ಮೊಟ್ಟೆಯಲ್ಲಿ 18. ಕೂಡಿದರೆ 88. ಉಳಿದದ್ದಕ್ಕೆ ಒಂದು ಬಟ್ಟಲು ಮೊಸರು, ಒಂದಿಷ್ಟು ಕಾಳಿನ ಪಲ್ಯ. ಮೊಟ್ಟೆ ತಿನ್ನದವರು ಬೇಳೆ, ಕಾಳು, ಹಾಲು ಜಾಸ್ತಿ ಮಾಡಿಕೊಳ್ಳಿ. ನಮ್ಮ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಗುರುತು ಸಿಕ್ಕಿದೆ, ಅದನ್ನು ಬಿಟ್ಟು ಡಬ್ಬಿಗೆ ಯಾಕೆ ಹೋಗಬೇಕು? ಇನ್ನು ಬಿಸಿಲು. ಎಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಪುಸ್ತಕ ಮೂರು ನಿಮಿಷ ವಿರಾಮ ಅಂದರೆ ನೀವು ಐದು ತಗೊಳ್ಳಿ. ನಸುಕಿನಲ್ಲೇ ಮುಗಿಸಿ.

ಹಿಂದೆ ಕೂತ ವಸ್ತಾದರೇ, ಭಾರ ಎತ್ತುವುದನ್ನು ಪುಸ್ತಕಕ್ಕೆ ಇಳಿಸಿದ್ದು ಹೊರಗಿನವರು ಮಾತ್ರ ಅಲ್ಲ. ಪಕ್ಕದ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ 'ಮಾನಸೋಲ್ಲಾಸ' ಬರೆದ. ಅದರಲ್ಲಿ ಮಲ್ಲವಿನೋದ ಅನ್ನುವ ಕುಸ್ತಿಯ ಭಾಗದಲ್ಲಿ ಪೈಲ್ವಾನರ ದರ್ಜೆ ಇದೆ, ಊಟ ಇದೆ, ಸಾಧನೆ ಇದೆ. ಭಾರ ಎತ್ತುವುದು ಭಾರಶ್ರಮ, ಈಜುವುದು ಸಲಿಲಶ್ರಮ, ಕಂಬ ಏರುವುದು ಸ್ತಂಭಶ್ರಮ. ಬೆಂಗಳೂರಿನ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ನಡೆಸಿದವರು. ಇಂಗ್ಲಿಷಿನಲ್ಲಿ ಅಂಗಸಾಧನೆಯ ಪುಸ್ತಕ ಬರೆದರು, ಕನ್ನಡದಲ್ಲಿ 'ಶಾಂತಲಾ' ಕಾದಂಬರಿ ಬರೆದರು. ಭಾರ ಎತ್ತುವ ಕೈಗೂ ಪುಸ್ತಕಕ್ಕೂ ನಮ್ಮಲ್ಲಿ ಹಳೆಯ ನಂಟಿದೆ.

ಆದರೆ ಪುಸ್ತಕಕ್ಕೆ ಕಣ್ಣಿಲ್ಲ. ನಿಮ್ಮ ಬೆನ್ನು ಬಾಗಿದ್ದು ಅದಕ್ಕೆ ಕಾಣುವುದಿಲ್ಲ. ಅದಕ್ಕೇ ಎರಡೂ ಮಂದಿಯನ್ನು ಇವತ್ತು ಒಟ್ಟಿಗೆ ಕರೆದದ್ದು.

ಮೇಜಿನ ಮೇಲೆ ನನ್ನ ಪುಸ್ತಕಗಳಿವೆ, ಮೂಲೆಯಲ್ಲಿ ಕೋಲುಗಳಿವೆ. ಮೂರು ಮೂರು ಮಂದಿ ಗುಂಪಾಗಿ. ಇಂಗ್ಲಿಷ್ ಬರುವವರು ಸ್ಕ್ವಾಟ್ ಅಧ್ಯಾಯ ಓದಿ ಕನ್ನಡದಲ್ಲಿ ಹೇಳಿ. ಒಬ್ಬರು ಕೋಲು ಹೆಗಲಿಗಿಟ್ಟು ಕೂತು ಏಳಿ. ಹಿರಿಯರೇ, ನೀವು ಪಕ್ಕದಲ್ಲಿ ನಿಂತು ಬೆನ್ನು ನೋಡಿರಿ. ಬನ್ನಿ, ಕುರ್ಚಿಗಳನ್ನು ಗೋಡೆಗೆ ಸರಿಸೋಣ.