ನೋವು ನಿಂತ ಮೇಲೂ ಒಮ್ಮೆ ಸ್ಕ್ಯಾನ್ ಮಾಡಿಸಿ

ಕೇಳುಗರಿಗೆ ನಮಸ್ಕಾರ. ನಾನು ಸ್ಕ್ಯಾನಿಂಗ್ ಡಾಕ್ಟರ್. ಕತ್ತಲ ಕೋಣೆಯಲ್ಲಿ ಕೂತು ನಿಮ್ಮ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚುವವನು. ಕಿಡ್ನಿ, ಮೂತ್ರಕೋಶ, ಅಡ್ರಿನಲ್ ಗ್ರಂಥಿ, ಮೂರರ ಬಗ್ಗೆಯೂ ಮಾತಾಡಿ ಅಂತ ಕಾರ್ಯಕ್ರಮದವರು ಅಂದಿದ್ದಾರೆ. ಆಗಲಿ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಕಿಡ್ನಿ ಕಲ್ಲಿನ ನೋವು ಹೋಯಿತು ಅಂದರೆ ಕಲ್ಲು ಹೋಯಿತು ಅಂತಲ್ಲ.

ಬೇಸಿಗೆ ಬಂತೆಂದರೆ ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆಯಿಂದ ಕಲ್ಲಿನ ನೋವಿನವರು ಜಾಸ್ತಿ ಬರುತ್ತಾರೆ. ಬಿಸಿಲಲ್ಲಿ ದುಡಿದು ಬೆವರು ಸುರಿಸುತ್ತೀರಿ, ನೀರು ಕುಡಿಯುವುದು ಮರೆಯುತ್ತೀರಿ. ಉಚ್ಚೆ ಗಟ್ಟಿಯಾಗಿ ಅದರೊಳಗಿನ ಉಪ್ಪು ಹರಳುಗಟ್ಟುತ್ತದೆ. ಕಿಡ್ನಿಯಿಂದ ಮೂತ್ರಕೋಶಕ್ಕೆ ಉಚ್ಚೆ ಇಳಿಯುವ ನಾಳಕ್ಕೆ ಹರಳು ಜಾರಿದಾಗ ಪಕ್ಕೆಯಲ್ಲಿ ಹಿಡಿದ ನೋವು ತೊಡೆಸಂದಿವರೆಗೆ ಇಳಿಯುತ್ತದೆ. ಕೂತರೂ ಆಗದು, ಮಲಗಿದರೂ ಆಗದು.

ಚಳ್ಳಕೆರೆ ಕಡೆಯ ಒಬ್ಬ ಶೇಂಗಾ ರೈತರಿಗೆ ಹೀಗೇ ಆಯಿತು. ಊರಲ್ಲೇ ಒಂದು ಇಂಜೆಕ್ಷನ್ ಹಾಕಿಸಿಕೊಂಡರು. ನೋವು ನಿಂತಿತು. ಯಾರೋ ಬಾಳೆದಿಂಡಿನ ರಸ ಕುಡಿ ಅಂದರು, ದಿನಾ ಬೆಳಿಗ್ಗೆ ಒಂದು ಲೋಟ ಕುಡಿದರು. ತಿಂಗಳ ಮೇಲೆ ಮತ್ತೆ ನೋವು, ಮತ್ತೆ ಇಂಜೆಕ್ಷನ್. ಆಮೇಲೆ ನೋವು ಬರಲೇ ಇಲ್ಲ. ಕಲ್ಲು ಕರಗಿತು ಅಂತ ಊರಿಗೆಲ್ಲ ಹೇಳಿದರು. ಪಕ್ಕದ ಮನೆಯವರಿಗೂ ರಸ ಕುಡಿಸಿದರಂತೆ!

ಸುಮಾರು ಎರಡು ವರ್ಷ ಕಳೆದ ಮೇಲೆ ಹೆಂಡತಿಯ ಸ್ಕ್ಯಾನಿಂಗ್‌ಗೆ ಅಂತ ನಮ್ಮಲ್ಲಿಗೆ ಬಂದರು. ಅವರದು ಮುಗಿಯಿತು. "ಸಾರ್, ಹೆಂಗೂ ಬಂದೀನಿ, ನಂದೂ ಒಂದ್ಸಲ ನೋಡ್ಬಿಡಿ" ಅಂದರು. ಸುಮ್ನೆ, ತಮಾಷೆಗೆ. ಬಲಗಡೆ ಕಿಡ್ನಿ ಚೆನ್ನಾಗಿತ್ತು. ಎಡಗಡೆ ಇಟ್ಟರೆ ಪರದೆ ತುಂಬ ಕಪ್ಪು. ನಮ್ಮ ಯಂತ್ರದಲ್ಲಿ ನೀರು ಕಪ್ಪಗೆ ಕಾಣುತ್ತದೆ. ಒಂದೂವರೆ ಸೆಂಟಿಮೀಟರ್ ದಪ್ಪ ಇರಬೇಕಾದ ಕಿಡ್ನಿಯ ಮಾಂಸ 3 ಮಿಲಿಮೀಟರ್‌ಗೆ ಇಳಿದಿತ್ತು. ಕೆಳಗೆ, ನಾಳ ಮೂತ್ರಕೋಶ ಸೇರುವ ಜಾಗದಲ್ಲಿ ಬೆಳ್ಳಗೆ ಹೊಳೆಯುವ ಒಂದು ಚುಕ್ಕೆ, ಅದರ ಹಿಂದೆ ಕಪ್ಪು ನೆರಳು. ಅದೇ ಕಲ್ಲು. ಅಲ್ಲಾಡದೆ ಅಲ್ಲೇ ಅಡ್ಡ ಕೂತಿತ್ತು, ಉಚ್ಚೆ ಹಿಂದಕ್ಕೆ ನಿಂತು ಕಿಡ್ನಿ ಉಬ್ಬಿತ್ತು.

"ನೋವೇ ಇಲ್ವಲ್ಲ ಸಾರ್" ಅಂತ ನನ್ನ ಜೊತೆ ವಾದಕ್ಕೆ ನಿಂತರು. ಕಿಡ್ನಿ ಏಕಾಏಕಿ ಉಬ್ಬಿದರೆ ನೋವು. ಉಬ್ಬಿಯೇ ಉಳಿದರೆ ಅದು ಉಚ್ಚೆ ಮಾಡುವುದನ್ನು ಕಡಿಮೆ ಮಾಡುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ನೋವೂ ಇಳಿಯುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ಕಸ, ಎಷ್ಟಿದೆ ಅಂತ ನೋಡಿದರೆ ಅದೂ ಸರಿಯಾಗಿತ್ತು, ಯಾಕೆಂದರೆ ಬಲಗಡೆಯದು ಎರಡರ ಕೆಲಸ ಮಾಡುತ್ತಿತ್ತು. ಕಲ್ಲು ತೆಗೆಸಿದರು. ಎಡ ಕಿಡ್ನಿ ಚೇತರಿಸಿಕೊಳ್ಳಲಿಲ್ಲ.

ಬಾಳೆದಿಂಡಿನ ಪಲ್ಯ ನನಗೂ ಇಷ್ಟ, ಬೇಡ ಅನ್ನುವುದಿಲ್ಲ. ತಿನ್ನಿ. 5 ಮಿಲಿಮೀಟರ್‌ಗಿಂತ ಸಣ್ಣ ಕಲ್ಲು ಸಾಮಾನ್ಯವಾಗಿ ತಾನೇ ಬಿದ್ದುಹೋಗುತ್ತದೆ, ಪುಣ್ಯ ಮಾತ್ರ ರಸಕ್ಕೆ! ಬಿತ್ತೋ ಇಲ್ಲವೋ ಅನ್ನುವುದನ್ನು ನೋವನ್ನು ಕೇಳಬೇಡಿ, ಸ್ಕ್ಯಾನ್ ಮಾಡಿಸಿ ನೋಡಿ. ಕಲ್ಲಿನ ಜೊತೆ ಚಳಿಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಿ.

ಅಲ್ಟ್ರಾಸೌಂಡ್ ಅಂದರೆ ಬರೀ ಶಬ್ದದ ಅಲೆ, ವಿಕಿರಣ ಇಲ್ಲ, ಬಸುರಿಯರಿಗೂ ಮಾಡಬಹುದು. ಆದರೆ ನಾಳದ ನಡುಭಾಗ ಕರುಳಿನ ಗಾಳಿಗೆ ಮರೆಯಾಗುತ್ತದೆ. ಆಗ ಸಿಟಿ ಸ್ಕ್ಯಾನ್ ಬರೆದುಕೊಡುತ್ತೇವೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲ ಕಲ್ಲೂ ಕಾಣುತ್ತದೆ. ದುಡ್ಡು ಮಾಡೋಕೆ ಬರೆದರು ಅಂತ ಬೈಯಬೇಡಿ.

ಇನ್ನು ಮೂತ್ರಕೋಶ. ಸ್ಕ್ಯಾನಿಂಗ್‌ಗೆ ಬರುವಾಗ ನಾಲ್ಕೈದು ಲೋಟ ನೀರು ಕುಡಿದು, ಒಂದಕ್ಕೆ ಹೋಗದೆ ಬನ್ನಿ. ಖಾಲಿ ಮೂತ್ರಕೋಶ ಮುದುಡಿಕೊಂಡಿರುತ್ತದೆ, ಒಳಗೇನಿದೆ ಅಂತ ನನಗೆ ಕಾಣುವುದಿಲ್ಲ. ಬಾಗಿಲಲ್ಲಿ ಹೇಳಿದರೂ ಹೋಗಿ ಬಂದೇ ಮಲಗುತ್ತೀರಿ, ಅಲ್ವಾ? ವಯಸ್ಸಾದ ಗಂಡಸರಿಗೆ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿದ್ದರೆ, ಒಂದಕ್ಕೆ ಹೋಗಿ ಬಂದ ಮೇಲೆ ಇನ್ನೊಮ್ಮೆ ನೋಡಿ ಎಷ್ಟು ಉಳಿದಿದೆ ಅಂತ ಅಳೆಯುತ್ತೇವೆ. ಬೀಡಿ ಸೇದುವವರು ಗಮನವಿಟ್ಟು ಕೇಳಿ. ಉಚ್ಚೆಯಲ್ಲಿ ಒಮ್ಮೆ ರಕ್ತ ಬಂದು, ನೋವಿಲ್ಲದೆ, ತಾನೇ ನಿಂತರೂ ತೋರಿಸಿ. ಮೂತ್ರಕೋಶದ ಗಡ್ಡೆ ಹಾಗೆಯೇ ಶುರುವಾಗಬಹುದು. ಇಲ್ಲೂ ಅದೇ ಮಾತು, ನೋವಿಲ್ಲ ಅಂತ ಮನೆಯಲ್ಲಿ ಕೂರಬೇಡಿ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಆಯಿತಂತೆ. ಅಡ್ರಿನಲ್ ಪಾಪ, ಅದಕ್ಕೆ ಯಾವಾಗಲೂ ಹೀಗೇ. ಎರಡೂ ಕಿಡ್ನಿಯ ನೆತ್ತಿಯ ಮೇಲೆ ಟೋಪಿಯ ಹಾಗೆ ಕೂತಿರುವ ಗ್ರಂಥಿ ಅದು. ಬೇರೇನಕ್ಕೋ ಮಾಡಿಸಿದ ಸಿಟಿಯಲ್ಲಿ ಅಲ್ಲೊಂದು ಸಣ್ಣ ಗಂಟು ಅಂತ ಬರೆದಿದ್ದರೆ ಗಾಬರಿ ಬೇಡ, ಬಹುಪಾಲು ನಿರುಪದ್ರವಿ. ಆದರೂ ವರದಿಯನ್ನು ಬೀರುವಿನಲ್ಲಿ ಮಡಚಿಡದೆ ಡಾಕ್ಟರಿಗೆ ತೋರಿಸಿ, ಹಾರ್ಮೋನ್ ಪರೀಕ್ಷೆ ಮಾಡಿಸುತ್ತಾರೆ. ಚಿಕ್ಕ ವಯಸ್ಸಿಗೇ ಬಿಪಿ, ಜೊತೆಗೆ ಆಗಾಗ ತಲೆನೋವು, ಬೆವರು, ಎದೆ ಡವಡವ ಅಂದರೆ ಈ ಗ್ರಂಥಿಯನ್ನೂ ನೋಡಬೇಕಾಗುತ್ತದೆ.

ಬರುವಾಗ ಹಳೆಯ ವರದಿ, ಫಿಲ್ಮ್ ಎಲ್ಲ ತನ್ನಿ. ಕಳೆದ ಸಲ ಕಲ್ಲು ಎಲ್ಲಿತ್ತು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ನಮಸ್ಕಾರ.