ಒಂದೇ ವರ್ಷದ ಅಧ್ಯಕ್ಷರು

ಕೇಳುಗರಿಗೆ ನಮಸ್ಕಾರ.

ವಕೀಲರ ಸಂಘಕ್ಕೆ ಹೊಸದಾಗಿ ಆಯ್ಕೆಯಾದ ಅಧ್ಯಕ್ಷರ ಮೇಜಿಗೆ ಮೊದಲ ದಿನ ಬರುವುದು ನಡಾವಳಿ ಪುಸ್ತಕ, ಚೆಕ್ ಪುಸ್ತಕ, ಗ್ರಂಥಾಲಯದ ಬೀಗದ ಕೈ ಮತ್ತು ವಾರ್ಷಿಕ ಶುಲ್ಕ ಬಾಕಿ ಉಳಿಸಿಕೊಂಡವರ ಪಟ್ಟಿ. ಪಾಟೀಸವಾಲಿನಲ್ಲಿ ಎಂಥ ಸಾಕ್ಷಿಯನ್ನೂ ತಬ್ಬಿಬ್ಬು ಮಾಡಬಲ್ಲ ವಕೀಲರಿಗೆ, ಆ ಪಟ್ಟಿಯಲ್ಲಿರುವ ತಮ್ಮದೇ ಹಿರಿಯರೊಬ್ಬರ ಬಳಿ ಬಾಕಿ ಕೇಳುವ ಬಗೆಯನ್ನು ಯಾವ ಕಾನೂನು ಕಾಲೇಜೂ ಕಲಿಸಿರುವುದಿಲ್ಲ. ಎಷ್ಟೋ ಸಂಘಗಳಲ್ಲಿ ಈ ಹುದ್ದೆಯ ಅವಧಿ ಒಂದೇ ವರ್ಷ. ಕೆಲಸದ ಹದ ಕೈಗೆ ಸಿಗುವ ಹೊತ್ತಿಗೆ ಮುಂದಿನ ಚುನಾವಣೆಯ ನೋಟೀಸು ಫಲಕಕ್ಕೇರಿರುತ್ತದೆ, ಕಲಿತದ್ದು ಕಲಿತವರ ಜೊತೆಗೇ ಹೊರಟುಹೋಗುತ್ತದೆ.

ಬೇರೆ ಬೇರೆ ಸಂಘಗಳ ಮುಖಂಡರು ಕೂಡಿ ಕುಳಿತು ಅನುಭವ ಹಂಚಿಕೊಳ್ಳಬೇಕಾದ ಅಗತ್ಯ ಹುಟ್ಟುವುದು ಇಲ್ಲಿಂದಲೇ. 1947ರಲ್ಲಿ 34 ರಾಷ್ಟ್ರೀಯ ವಕೀಲರ ಸಂಘಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ ಅಂತರರಾಷ್ಟ್ರೀಯ ವಕೀಲರ ಸಂಘವನ್ನು ಕಟ್ಟಿದರು. 1950ರಲ್ಲಿ ಅಮೆರಿಕದ ರಾಜ್ಯ ಮತ್ತು ಸ್ಥಳೀಯ ಸಂಘಗಳ ಮುಖಂಡರಿಗೆಂದೇ ಬಾರ್ ಅಧ್ಯಕ್ಷರ ರಾಷ್ಟ್ರೀಯ ಸಮ್ಮೇಳನ ಆರಂಭವಾಯಿತು. ಇವೆರಡರಲ್ಲಿ ನನಗೆ ಎರಡನೆಯದೇ ಹೆಚ್ಚು ಹತ್ತಿರದ್ದೆನಿಸುತ್ತದೆ. ಬಾಕಿ ಪಟ್ಟಿ ಮತ್ತು ಬೀಗದ ಕೈಗಳ ಮಾತು ಬರುವುದು ಅಂಥ ಕಡೆಯಲ್ಲಿ.

ಹೀಗೆ ಊರಿಂದೂರಿಗೆ ದಾಟಿದ ಯೋಜನೆಯೊಂದನ್ನು ಸ್ವಲ್ಪ ವಿವರವಾಗಿ ನೋಡೋಣ. ಕಕ್ಷಿದಾರರೊಬ್ಬರು ಆಸ್ತಿ ಖರೀದಿಯ ಹಣವನ್ನು ನೋಂದಣಿಯ ದಿನದವರೆಗೆ ವಕೀಲರ ಬಳಿ ಇಡುತ್ತಾರೆ ಎನ್ನಿ. ಅದು ವಕೀಲರ ಸ್ವಂತ ಹಣವಲ್ಲವಾದ್ದರಿಂದ ಪ್ರತ್ಯೇಕ ಖಾತೆಯಲ್ಲಿರಬೇಕು. ಆದರೆ ನಾಲ್ಕು ದಿನಕ್ಕೆ ಹುಟ್ಟುವ ಬಡ್ಡಿ ಎಷ್ಟು ಅಲ್ಪವೆಂದರೆ ಅದನ್ನು ಲೆಕ್ಕ ಹಾಕಿ ಕಕ್ಷಿದಾರರಿಗೆ ತಲುಪಿಸುವ ಖರ್ಚೇ ಬಡ್ಡಿಗಿಂತ ಹೆಚ್ಚಾಗುತ್ತದೆ. ಹಾಗಾಗಿ ಇಂಥ ಹಣವೆಲ್ಲ ಬಡ್ಡಿಯಿಲ್ಲದ ಖಾತೆಗಳಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು, ಲಾಭ ಬ್ಯಾಂಕಿನದಾಗುತ್ತಿತ್ತು. ಈ ಚಿಲ್ಲರೆ ಬಡ್ಡಿಯನ್ನೆಲ್ಲ ಒಟ್ಟುಗೂಡಿಸಿ ಬಡವರ ಕಾನೂನು ನೆರವಿಗೆ ಕೊಡುವ ಏರ್ಪಾಡು ಮೊದಲು ಆಸ್ಟ್ರೇಲಿಯಾ ಮತ್ತು ಕೆನಡಾದಲ್ಲಿ ರೂಪುಗೊಂಡು, 1981ರಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ಬಂದು, ಅಲ್ಲಿಂದ ಆ ದೇಶದ ಎಲ್ಲ ರಾಜ್ಯಗಳಿಗೂ ಹಬ್ಬಿತು. ವಿರೋಧವೂ ಬಂತು, 2003ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐದು–ನಾಲ್ಕರ ಬಹುಮತದಿಂದ ಈ ಪದ್ಧತಿಯನ್ನು ಎತ್ತಿಹಿಡಿಯಿತು.

ಇಂಥ ಯೋಜನೆಯನ್ನು ತಮ್ಮಲ್ಲಿಗೂ ತರಬಯಸುವ ಅಧ್ಯಕ್ಷರಿಗೆ ಅದರ ಹೊಗಳಿಕೆ ಕೇಳಿ ಪ್ರಯೋಜನವಿಲ್ಲ. ನಿಯಮಗಳ ಕರಡು ಬೇಕು, ಬ್ಯಾಂಕಿನೊಡನೆ ನಡೆದ ಪತ್ರವ್ಯವಹಾರ ಬೇಕು, ಸದಸ್ಯರು ಎತ್ತಿದ ಆಕ್ಷೇಪಣೆಗಳೂ ಅವಕ್ಕೆ ಕೊಟ್ಟ ಉತ್ತರಗಳೂ ಬೇಕು. ಮುಖಂಡರ ಸಭೆಗಳಲ್ಲಿ ಇದೇ ಕಡಿಮೆ. ಸನ್ಮಾನದ ಫೋಟೋಗಳನ್ನು ತೋರಿಸುವ ಉತ್ಸಾಹ, ಕಿರಿಯ ವಕೀಲರಿಗೆ ಹಿರಿಯರ ಮಾರ್ಗದರ್ಶನ ಕೊಡಿಸುವ ಯೋಜನೆ ಆರು ತಿಂಗಳಿಗೇ ಏಕೆ ನಿಂತಿತೆಂದು ಹೇಳುವಾಗ ಇರುವುದಿಲ್ಲ. ಹಿರಿಯರಿಗೆ ಸಂಜೆ ಬಿಡುವಿರಲಿಲ್ಲ, ಕಿರಿಯರಿಗೆ ಕೇಳಲು ಸಂಕೋಚವಿತ್ತು ಎಂಬ ಎರಡು ವಾಕ್ಯಗಳನ್ನು ಯಾರಾದರೂ ಬಾಯಿಬಿಟ್ಟು ಹೇಳಿದರೆ ಮತ್ತೊಂದು ಸಂಘದ ಆರು ತಿಂಗಳು ಉಳಿಯುತ್ತದೆ.

ಹಣದ ವಿಚಾರವೂ ಬಿಚ್ಚಿ ಮಾತಾಡಬೇಕಾದದ್ದೇ. ಸದಸ್ಯತ್ವ ಕಡ್ಡಾಯವಾಗಿರುವ ಸಂಘವು, ವೃತ್ತಿಯ ನಿಯಂತ್ರಣಕ್ಕಾಗಲಿ ಕಾನೂನು ಸೇವೆಯ ಸುಧಾರಣೆಗಾಗಲಿ ಸಂಬಂಧಿಸದ ರಾಜಕೀಯ ಚಟುವಟಿಕೆಗೆ ಒಪ್ಪದ ಸದಸ್ಯರ ಶುಲ್ಕವನ್ನು ಬಳಸಕೂಡದೆಂದು ಅದೇ ಸುಪ್ರೀಂ ಕೋರ್ಟು 1990ರ ಕ್ಯಾಲಿಫೋರ್ನಿಯಾ ಪ್ರಕರಣದಲ್ಲಿ ತೀರ್ಪಿತ್ತಿತು. ಅದೇ ವರ್ಷ ಹವಾನಾದಲ್ಲಿ ನಡೆದ ವಿಶ್ವಸಂಸ್ಥೆಯ ಸಮಾವೇಶ ಅಂಗೀಕರಿಸಿದ ತತ್ತ್ವಗಳು, ವಕೀಲರ ಸಂಘದ ಕಾರ್ಯಕಾರಿ ಸಮಿತಿಯನ್ನು ಸದಸ್ಯರೇ ಚುನಾಯಿಸಬೇಕು, ಅದರ ಕೆಲಸದಲ್ಲಿ ಹೊರಗಿನವರ ಹಸ್ತಕ್ಷೇಪ ಇರಬಾರದು ಎನ್ನುತ್ತವೆ. ಹೊರಗಿನವರನ್ನು ದೂರವಿಡುವ ಸಂಘ ತನ್ನ ಲೆಕ್ಕವನ್ನು ಒಳಗಿನವರಿಗೆ ತೆರೆದಿಡಲೇಬೇಕಾಗುತ್ತದೆ. ಅದನ್ನು ಯಾವ ನಮೂನೆಯಲ್ಲಿ ತೆರೆದಿಡಬೇಕೆಂಬುದು ನೆರೆಯ ಸಂಘದಿಂದ ಧಾರಾಳವಾಗಿ ಎರವಲು ತರಬಹುದಾದ ಸಂಗತಿ.

ಕೆಲವು ಸಂಘಗಳು ಮುಂದಿನ ಅಧ್ಯಕ್ಷರನ್ನು ಒಂದು ವರ್ಷ ಮೊದಲೇ ಆರಿಸಿ, ನಿರ್ಗಮಿಸಿದವರನ್ನೂ ಒಂದು ವರ್ಷ ಸಮಿತಿಯಲ್ಲಿ ಉಳಿಸಿಕೊಳ್ಳುತ್ತವೆ. ಅಂಥಲ್ಲಿ ಬಾಕಿ ಪಟ್ಟಿ ಹೊಸಬರ ಕೈಗೆ ಬರುವಾಗ, ಯಾರ ಬಳಿ ಹೇಗೆ ಕೇಳಬೇಕೆಂದು ಪಿಸುಗುಟ್ಟಲು ಪಕ್ಕದ ಕುರ್ಚಿಯಲ್ಲೇ ಒಬ್ಬರಿರುತ್ತಾರೆ.